ಸ್ವರ ನುಂಗಿದ ದಿನ

ಕೊಲ್ಲಿ ದೇಶದ ಸಲಾಲಾದಲ್ಲಿ ಹೋಟೆಲೊಂದರ ಬುಕಿಂಗ್ ವಿಭಾಗ ನನ್ನದು. ಕಿಟಕಿಯೇ ಇಲ್ಲದ ಕೋಣೆಯಲ್ಲಿ ನಾಲ್ಕು ವರ್ಷ ಕೂತು ಸಾಕುಸಾಕಾಗಿತ್ತು. ಫ್ರಂಟ್ ಆಫೀಸಿಗೆ ಸ್ಪ್ಯಾನಿಷ್ ಬಲ್ಲವರು ಬೇಕು ಎಂದು ನೋಟೀಸು ಬಂದಾಗ ಕುಣಿಯುವಷ್ಟು ಖುಷಿ. ಒಂದೂವರೆ ವರ್ಷದಿಂದ ಫೋನಿನಲ್ಲಿ ಕಲಿಯುತ್ತಿದ್ದೆನಲ್ಲ! ಇದು ತಪ್ಪಿದರೆ ಮತ್ತೆ ಆ ಕೋಣೆಯೇ ಗತಿ.

ನಾನು ಪುತ್ತೂರಿನವಳು. ನಮ್ಮದು ಪುಸ್ತಕದ ಕನ್ನಡ; ಶಾಲೆಯಲ್ಲಿ ಒಂದಕ್ಷರ ನುಂಗಿದರೂ ಬೆತ್ತದ ಪೆಟ್ಟು. ದಾವಣಗೆರೆಯ ನನ್ನ ಗಂಡ ಈಗಲೂ, ನೀನು ಮಾತಾಡುವುದೋ ಪಾಠ ಓದುವುದೋ ಎಂದು ಗೇಲಿ ಮಾಡುತ್ತಾರೆ. ಸ್ಪ್ಯಾನಿಷನ್ನೂ ಹಾಗೆಯೇ ಕಲಿತಿದ್ದೆ, ಪ್ರತಿ ಸ್ವರಕ್ಕೂ ಮರ್ಯಾದೆ ಕೊಟ್ಟು.

ಪರೀಕ್ಷೆ ಮಾಡಿದವರು ಮೆಕ್ಸಿಕೋದಿಂದ ಬಂದ ಮ್ಯಾನೇಜರ್ ಮೇಡಂ. ‘ಮಾಡಲಿದ್ದಾರೆ’ ಎನ್ನಲು ನಾನು ‘ವಾ, ಆ, ಆಸೆರ್’ ಎಂದು ಮೂರು ಮೆಟ್ಟಿಲು ಹತ್ತಿದೆ. ತಪ್ಪೊಂದೂ ಇಲ್ಲ, ಆದರೆ ಏರ್‌ಪೋರ್ಟಿನ ಅನೌನ್ಸ್‌ಮೆಂಟ್ ಕೇಳಿದ ಹಾಗಿದೆ, ಅತಿಥಿಗಳಿಗೆ ಅಷ್ಟು ತಾಳ್ಮೆಯಿಲ್ಲ ಎಂದರು.

ಆಮೇಲೆ ಅವರು ವಿಚಿತ್ರವಾದದ್ದೊಂದು ಹೇಳಿದರು. ನಿಮ್ಮ ಭಾಷೆಯಲ್ಲಿ ಯಾರಿಗಾದರೂ ಫೋನ್ ಮಾಡಿ ಬೈಯಿರಿ! ಬೈಯಲು ನನಗೆ ಕಾರಣ ಹುಡುಕಬೇಕೇ? ಬೆಳಿಗ್ಗೆಯಷ್ಟೇ ಗಂಡ ನನ್ನ ಕಾರಿನ ಕೀ ಎಲ್ಲೋ ಇಟ್ಟು ಮರೆತಿದ್ದರಿಂದ ನಾನು ಟ್ಯಾಕ್ಸಿ ಹಿಡಿದು ಬಂದಿದ್ದೆ. ಅವರಿಗೇ ಫೋನ್ ಹಚ್ಚಿದೆ.

“ಕೀ ಎಲ್ಲಿಟ್ಟಿದ್ದೀರಿ ಮಾರಾಯ್ರೆ? ನಿಮಗೆ ಮಂಡೆ ಉಂಟಾ ಇಲ್ವಾ?”

ಮೇಡಂ ಕೈಯೆತ್ತಿ ನಿಲ್ಲಿಸಿದರು. ಫೋನ್ ಇಟ್ಟು, ಮೊದಲ ಮಾತನ್ನು ಬಿಡಿಸಿ ಹೇಳಿ ಎಂದರು. ಎಲ್ಲಿ, ಇಟ್ಟು, ಇದ್ದೀರಿ ಎಂದೆ. ಹಾಗಾದರೆ ನಡುವಿನ ಸ್ವರಗಳು ಎಲ್ಲಿ ಹೋದವು ಎಂದು ಕೇಳಿದರು. ಅಯ್ಯೋ ದೇವರೇ! ಪೆಟ್ಟು ತಿಂದು ಬೆಳೆದ ಬಾಯಿಯೇ ದಿನವಿಡೀ ಸ್ವರ ನುಂಗುತ್ತಿತ್ತು, ನನಗೇ ಗೊತ್ತಿರಲಿಲ್ಲ.

ಅವರ ಭಾಷೆಯೂ ಹಾಗೆಯೇ ಅಂತೆ. ಮೂರು ‘ಆ’ ಸೇರಿ ಒಂದೇ ಆಗಿ ‘ವಾಸೆರ್’. ಬೇರೆ ಬೇರೆ ಸ್ವರ ಎದುರಾದರೆ ಮೊದಲನೆಯದು ಮೆತ್ತಗಾಗಿ ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ‘ಎಲ್ಲವೂ ಇದೆ’ ಎಂಬ ‘ತೊದೊ ಎಸ್ತಾ’ ಬಾಯಲ್ಲಿ ‘ತೊದ್ವೆಸ್ತಾ’. ಕೀ ಕಳೆದ ಕಥೆಯನ್ನೇ ಅದೇ ಸಿಟ್ಟಿನಲ್ಲಿ, ಅದೇ ಉಸಿರಿನಲ್ಲಿ ಸ್ಪ್ಯಾನಿಷಿನಲ್ಲಿ ಹೇಳಿದೆ. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿತು, ನಾನು ನಿಲ್ಲಲಿಲ್ಲ. ಮೇಡಂ ಬಿದ್ದು ಬಿದ್ದು ನಕ್ಕರು. ಭಾನುವಾರದಿಂದ ಫ್ರಂಟ್ ಆಫೀಸಿಗೆ ಬನ್ನಿ ಎಂದರು.

ಓಡಿ ಹೊರಗೆ ಬಂದು ಗಂಡನಿಗೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿದೆ.

“ಅಂದ್ರೆ ನಾ ಬೈಸ್ಕೊಂಡಿದ್ದಕ್ಕೆ ನಿಂಗೆ ಕೆಲ್ಸ ಸಿಕ್ತು ಅನ್ನು.”

ಹೌದು ಎಂದೆ. ಅವರ ಮಾತಿಗೆ ನಾನು ಅಷ್ಟು ಸುಲಭಕ್ಕೆ ಹೌದು ಅಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಹೇಳುವಾಗ ಅಳು ಬಂತು.