ಮಾವನವರ ಬಲಗೈ ಮಣಿಕಟ್ಟು

ನಮ್ಮ ಮಾವನವರು ಊಟಕ್ಕೆ ಕೂತರೆ ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ. ಭದ್ರಾವತಿಯಲ್ಲಿ ಕಬ್ಬಿಣ ಕರಗಿಸುವ ಕುಲುಮೆಯ ಮುಂದೆ ಮೂವತ್ತು ವರ್ಷ ದುಡಿದ ಕೈ ಅದು. ಅಂಗೈ ಚಪ್ಪಲಿಯ ಅಟ್ಟೆಯಂತೆ ದಪ್ಪಗಾಗಿತ್ತು. ಆದರೂ ಎಷ್ಟು ನಾಜೂಕಾಗಿ ಅನ್ನ ಕಲಸುತ್ತಿದ್ದರೆಂದರೆ ಸಾರು ಬೆರಳಿನ ಎರಡನೇ ಗೆರೆ ದಾಟುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ತಟ್ಟೆಯ ಪಕ್ಕ ಒಂದು ಚಮಚ ಇಟ್ಟಿದ್ದೆ. ಅವರು ಅದನ್ನು ಎತ್ತಿ ಉಪ್ಪಿನಕಾಯಿ ಬಾಟಲಿಗೆ ಹಾಕಿ, "ಇದು ಇದಕ್ಕೇ ಸರಿ ಕಣಮ್ಮ" ಅಂದಿದ್ದರು.

ಅವರ ಎದೆಯ ರಕ್ತನಾಳ ಮೊದಲ ಸಲ ಕಟ್ಟಿಕೊಂಡಾಗ ದೂರದ ದೊಡ್ಡ ಆಸ್ಪತ್ರೆಯಲ್ಲಿ ತೊಡೆಯ ಸಂದಿನಿಂದ ತಂತಿ ತೂರಿಸಿ ಸ್ಟೆಂಟ್ ಹಾಕಿದ್ದರು. ಹೃದಯ ಸರಿಹೋಯಿತು, ತೊಡೆ ಕೈಕೊಟ್ಟಿತು. ರಕ್ತ ತೆಳುವಾಗಿಸುವ ಔಷಧಿ ಕೊಟ್ಟಿದ್ದರಿಂದ, ಮೇಲೆ ಮರಳಿನ ಚೀಲ ಹೇರಿದ್ದರೂ ಒಳಗೊಳಗೇ ಸೋರಿ ತೊಡೆ ಕುಂಬಳಕಾಯಿಯಂತೆ ಊದಿಕೊಂಡಿತು. ಯಾರ ತಪ್ಪೂ ಅಲ್ಲ, ಕೆಲವರಿಗೆ ಹಾಗಾಗುತ್ತದಂತೆ. ಬೇರೆಯವರ ರಕ್ತ ಕೊಡಬೇಕಾಯಿತು. ಮೊಣಕಾಲಿನವರೆಗೆ ಚರ್ಮ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಇದೆಲ್ಲಕ್ಕಿಂತ ಮಾವನವರಿಗೆ ನೋವಾಗಿದ್ದು, ಬಚ್ಚಲಿಗೆ ಏಳಲಾಗದೆ, ಮಲಗಿದಲ್ಲಿಗೇ ಇನ್ನೊಬ್ಬರು ಬೇಸಿನ್ ತಂದು ಹಿಡಿಯಬೇಕಾಗಿ ಬಂದದ್ದು.

ಅವರ ಕಾರ್ಖಾನೆಯ ಗೆಳೆಯರೊಬ್ಬರು ಆಗ ನೋಡಲು ಬಂದಿದ್ದರು. ಕ್ರೇನ್ ಓಡಿಸುತ್ತಿದ್ದವರು, ಮನೆಮಾತು ತಮಿಳು. ಅವರಿಗೂ ಎದೆನೋವಿತ್ತು, ಡಾಕ್ಟರು ಪರೀಕ್ಷೆಗೆ ಚೀಟಿ ಬರೆದಿದ್ದರು. ಮಾವನವರು ಪಂಚೆ ಸ್ವಲ್ಪ ಸರಿಸಿ ತೋರಿಸಿದ್ದೇ ತಡ, ಗೆಳೆಯರು ಕಾಫಿಯನ್ನೂ ಮುಟ್ಟದೆ ಮನೆಗೆ ಹೋಗಿ ಆ ಚೀಟಿ ಹರಿದುಹಾಕಿದರು.

ಎರಡು ವರ್ಷದ ಮೇಲೆ ನಾನೊಂದು ಗಮನಿಸಿದೆ. ಹಳೇನಗರದ ಸಂತೆಯಿಂದ ನಡೆದು ಬರುವಾಗ ಮಾವನವರು ಸೇತುವೆಯ ನಡುವೆ ನಿಂತು ಹೊಳೆ ನೋಡತೊಡಗಿದ್ದರು. ಹುಟ್ಟಿದಾಗಿನಿಂದ ಇದೇ ಊರಿನಲ್ಲಿದ್ದವರು. ಹೊಳೆಯನ್ನು ಎಂದೂ ನಿಂತು ನೋಡಿದವರಲ್ಲ. ಬಲಗೈಯ ಚೀಲ ಕೆಳಗಿಟ್ಟು, ಬಾಯಿ ತೆರೆದು ಉಸಿರು ತೆಗೆದುಕೊಳ್ಳುತ್ತಿದ್ದರು. ಗಂಡನಿಗೆ ಹೇಳಿದೆ. ಮೂವರೂ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು.

ಇನ್ನೊಂದು ನಾಳ ಮುಚ್ಚಿಕೊಳ್ಳುತ್ತಿದೆ, ತಡಮಾಡಬಾರದು ಎಂದರು ಅಲ್ಲಿನ ಡಾಕ್ಟರು. ಇನ್ನೂ ಚಿಕ್ಕ ವಯಸ್ಸಿನವರು.

ಮಾವನವರು ಎದ್ದು ನಿಂತರು. "ಮತ್ತೆ ತೊಡೆ ಮುಟ್ಟೋ ಹಾಗಿದ್ರೆ ನಾನು ಬರಲ್ಲ ಸ್ವಾಮಿ. ಎದೆ ನಿಂತ್ರೆ ನಿಲ್ಲಲಿ."

"ತೊಡೆ ಯಾರು ಕೇಳಿದ್ರು ಯಜಮಾನ್ರೇ? ಕೂತ್ಕೊಳಿ. ಕೈ ಕೊಡಿ."

"ಕೈಯಿಂದ ಎದೆಗೆ ದಾರಿ ಇದ್ಯಾ?"

"ಚೆನ್ನಾಗೇ ಇದೆ. ಮಣಿಕಟ್ಟಲ್ಲಿರೋದು ಸಣ್ಣ ನಾಳ, ಕೆಳಗೆ ಮೂಳೆ ಇದೆ. ರಕ್ತ ಬಂದ್ರೆ ಕಣ್ಣಿಗೆ ಕಾಣುತ್ತೆ, ಮೂಳೆಗೆ ಒತ್ತಿದ್ರೆ ನಿಲ್ಲುತ್ತೆ. ತೊಡೇಲಿ ಆಳದಲ್ಲಿ ಸೋರಿದ್ರೆ ಊದೋವರೆಗೂ ಗೊತ್ತಾಗಲ್ಲ. ರಕ್ತ ಬರೋದೇ ಇಲ್ಲ ಅಂತ ಹೇಳ್ತಿಲ್ಲ. ಆದ್ರೆ ಆ ಭಯ ತುಂಬಾ ಕಡಿಮೆ."

"ಬಚ್ಚಲಿಗೆ ನಾನೇ ಎದ್ದು ಹೋಗಬಹುದಾ?"

"ಅವತ್ತೇ ಸಂಜೆ."

ಮಾವನವರು ಕೂತರು.

ಅಂಗೈಗೆ ರಕ್ತ ತರುವ ನಾಳಗಳು ಎರಡಂತೆ. ಒಂದಕ್ಕೆ ತಂತಿ ಹಾಕಿದಾಗ ಇನ್ನೊಂದು ನಾಳ ಆ ಕೈಯನ್ನು ಸಾಕಬೇಕು. ಅದನ್ನು ನೋಡಲು ಡಾಕ್ಟರು ಅವರ ಮುಷ್ಟಿ ಬಿಗಿಸಿ, ಎರಡನ್ನೂ ಒತ್ತಿ ಹಿಡಿದು, ಮುಷ್ಟಿ ತೆರೆಸಿ, ಒಂದನ್ನು ಬಿಟ್ಟರು. ಬಿಳಚಿದ ಅಂಗೈಗೆ ಕೆಂಪು ಮರಳಿ ಬರಬೇಕು. ಆ ದಪ್ಪ ಚರ್ಮದಲ್ಲಿ ಏನೂ ಕಾಣಲಿಲ್ಲ.

"ನಿಮ್ಮ ಅಂಗೈ ಏನೂ ಹೇಳ್ತಿಲ್ವಲ್ಲ!"

"ಮೂವತ್ತು ವರ್ಷ ಬೆಂಕಿಗೆ ಜಗ್ಗದೆ ಇರೋದು, ನಿಮ್ಮ ಬೆರಳಿಗೆ ಬಣ್ಣ ಬದಲಾಯಿಸುತ್ತಾ?"

ಡಾಕ್ಟರು ನಕ್ಕು ಅವರ ಹೆಬ್ಬೆರಳಿಗೆ ಒಂದು ಕ್ಲಿಪ್ ಸಿಕ್ಕಿಸಿದರು. ಪಕ್ಕದ ಯಂತ್ರದಲ್ಲಿ ಪುಟ್ಟ ಪುಟ್ಟ ಅಲೆಗಳು. ಒತ್ತಿದಾಗ ಅಲೆ ಚಪ್ಪಟೆಯಾಯಿತು. ಒಂದು ಬೆರಳು ಬಿಟ್ಟರು. ಅಲೆ ಎದ್ದಿತು! ಚಪ್ಪಾಳೆ ತಟ್ಟುವವಳು ಪರ್ಸನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮುಂದಿನ ಒಂದು ವಾರ ನನಗೆ ಅದೇ ಹುಚ್ಚು. ಗಂಡನ ಕೈ, ಮಗಳ ಕೈ, ಹೂವಿನಾಕೆಯ ಕೈ, ಎಲ್ಲರದ್ದೂ ಒತ್ತಿ ನೋಡಿದೆ. "ಏನ್ ಮಾರಾಯ್ತಿ, ಹೂ ತಗೋತೀಯೋ ನನ್ ಕೈನೇ ತಗೋತೀಯೋ?" ಎಂದು ಆಕೆ ಬುಟ್ಟಿ ಹೊತ್ತು ನಡೆದಳು.

ಆ ದಿನ ಬಂತು. ಮಾವನವರನ್ನು ಒಳಗೆ ಕರೆದುಕೊಂಡು ಹೋದ ಬಾಗಿಲಿನ ಎದುರು ನಾನೂ ಗಂಡನೂ ಕೂತಿದ್ದೆವು. ಹಿಂದಿನ ಸಲ ಅವರು ಹೊರಗೆ ಬಂದದ್ದು ಸ್ಟ್ರೆಚರ್ ಮೇಲೆ, ಕಣ್ಣು ಮುಚ್ಚಿಕೊಂಡು. ಈ ಸಲ ಬಾಗಿಲು ತೆರೆದರೆ, ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತು ಬಂದರು! ಬಲ ಮಣಿಕಟ್ಟಿಗೆ ವಾಚಿನಂತೆ ಒಂದು ಪಾರದರ್ಶಕ ಪಟ್ಟಿ. ಅದರೊಳಗೆ ಗಾಳಿ ತುಂಬಿದ್ದರು. ಆ ಗಾಳಿಯೇ ಗಾಯವನ್ನು ಒತ್ತಿ ಹಿಡಿದಿತ್ತು.

"ಮುಗೀತಾ ಮಾವ?"

"ಮುಗೀತು. ಹಸಿವು."

ವಾರ್ಡಿನ ನರ್ಸ್ ಎರಡೆರಡು ಸಲ ಹೇಳಿದಳು. "ಅಜ್ಜ, ಈ ಕೈ ಇವತ್ತು ಮಡಚಬಾರ್ದು, ಊರಬಾರ್ದು. ಏನೂ ಕೆಲಸ ಕೊಡಬಾರ್ದು." ಮಾವನವರು ತಲೆಯಾಡಿಸಿದರು. ಗಂಡ ಔಷಧಿ ತರಲು ಹೋದರು. ನಾನು ತಟ್ಟೆಗೆ ಮೊಸರನ್ನ ಹಾಕಿ, ಎಡಗೈಯ ಪಕ್ಕ ಚಮಚ ಇಟ್ಟು, ನೀರು ತರಲು ಹೋದೆ.

ಬಂದು ನೋಡುತ್ತೇನೆ, ಚಮಚ ದಿಂಬಿನ ಮೇಲಿದೆ. ಮಾವನವರ ಬಲಗೈ ತಟ್ಟೆಯಲ್ಲಿದೆ! ಅನ್ನಕ್ಕೆ ಎಡಗೈ ಹಾಕುವುದು ಅವರಿಂದಾಗದ ಮಾತು. ಒಂದಿಷ್ಟೂ ಯೋಚಿಸದೆ, ಅರವತ್ತು ವರ್ಷದ ರೂಢಿಯಂತೆ, ಮಣಿಕಟ್ಟು ಬಗ್ಗಿಸಿ ಕಲಸುತ್ತಿದ್ದಾರೆ. ಪಟ್ಟಿಯ ಅಡಿಯಿಂದ ಒಂದು ಕೆಂಪು ಗೆರೆ ಇಳಿದು ತಟ್ಟೆಯ ಅಂಚಿಗೆ ತೊಟ್ಟಿಕ್ಕುತ್ತಿದೆ.

ಲೋಟ ಎಲ್ಲಿ ಬಿತ್ತೋ ತಿಳಿಯದು. "ಸಿಸ್ಟರ್!" ಎಂದು ಕೂಗುತ್ತಲೇ ಅವರ ಕೈ ಎತ್ತಿ, ಪಟ್ಟಿಯ ಮೇಲೆಯೇ ಎರಡೂ ಹೆಬ್ಬೆರಳು ಒತ್ತಿದೆ. ಕಾನ್ವೆಂಟಿನಲ್ಲಿ ಪ್ರಥಮ ಚಿಕಿತ್ಸೆ ಕಲಿಸಿದ ಸಿಸ್ಟರು ಹೇಳಿದ್ದು ನೆನಪಿತ್ತು: ಒತ್ತಿ ಹಿಡಿಯಬೇಕು, ನಿಂತಿತೇ ಎಂದು ಮತ್ತೆ ಮತ್ತೆ ತೆಗೆದು ನೋಡಬಾರದು.

"ಬಿಡಮ್ಮ, ಏನಾಗಲ್ಲ."

"ಸುಮ್ನಿರಿ ಮಾವ!"

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರೆದುರು ನಾನು ದನಿ ಎತ್ತಿದ್ದು ಅದೊಂದೇ ಸಲ. ಅವರು ಕೈಯನ್ನು ನನಗೇ ಬಿಟ್ಟುಕೊಟ್ಟರು. ಅವರ ಮುಖದಲ್ಲಿ ಎರಡು ವರ್ಷದ ಹಿಂದೆ ಆ ಮರಳಿನ ಚೀಲದಡಿ ಮಲಗಿದ್ದಾಗಿನ ಭಯವೇ ಕಂಡಿತು ನನಗೆ.

ನರ್ಸ್ ಓಡಿಬಂದು, ಸಿರಿಂಜಿನಿಂದ ಪಟ್ಟಿಗೆ ಇನ್ನಷ್ಟು ಗಾಳಿ ತುಂಬಿದಳು. ನಂತರ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಾವು ಮೂವರೂ ಆ ಜಾಗವನ್ನೇ ದಿಟ್ಟಿಸಿದೆವು. ಕೆಂಪು ಹನಿ ಮತ್ತೆ ಬರಲಿಲ್ಲ.

"ನಿಂತಿದೆ," ಎಂದಳು. "ಕೈ ಅಂತ ಬಚಾವಾದ್ರಿ ಅಜ್ಜ. ತೊಡೇಲಾಗಿದ್ರೆ ಇಷ್ಟು ಬೇಗ ಗೊತ್ತೂ ಆಗ್ತಿರ್ಲಿಲ್ಲ."

ಬೇರೆ ತಟ್ಟೆಗೆ ಮೊಸರನ್ನ ಹಾಕಿದೆ. ಮಾವನವರು ಚಮಚ ನೋಡಿದರು, ಎಡಗೈ ನೋಡಿದರು, ಕೊನೆಗೆ ಗೋಡೆ ನೋಡುತ್ತಾ, "ನೀನೇ ಕೊಡಮ್ಮ" ಅಂದರು. ಕೈತೊಳೆದು ತುತ್ತು ಮಾಡಿ ಕೊಟ್ಟೆ. ಕಣ್ಣುಮುಚ್ಚಿ ಬಾಯಿ ತೆರೆದರು. ಎರಡನೇ ತುತ್ತಿಗೇ, "ಉಪ್ಪು ಕಮ್ಮಿ" ಎಂದಾಗ, ಇವರಿನ್ನು ಹುಷಾರಾದರು ಅನ್ನಿಸಿ ನಗು ತಡೆಯಲಾಗಲಿಲ್ಲ.

ಸಂಜೆ ನರ್ಸ್ ಅಪ್ಪಣೆ ಕೊಟ್ಟಮೇಲೆ ಅವರು ಬಲಗೈ ಎದೆಗಾನಿಸಿ ಎದ್ದು ನಿಂತರು. ನಾವು ಹಿಂದೆ ಹೊರಟರೆ, "ಎಲ್ಲಿಗೆ ಮೆರವಣಿಗೆ?" ಅಂದರು. ತಾವೇ ನಡೆದು ಬಚ್ಚಲಿಗೆ ಹೋಗಿ ಎಡಗೈಯಲ್ಲಿ ಚಿಲಕ ಹಾಕಿಕೊಂಡರು. ಆ ಚಿಲಕದ ಸದ್ದು ಕೇಳಿ ನಾನೂ ಗಂಡನೂ ಹೊರಗೆ ಮಕ್ಕಳಂತೆ ಕೈಹಿಡಿದುಕೊಂಡು ನಿಂತಿದ್ದೆವು.

ಮನೆಗೆ ಬಂದ ನಾಲ್ಕನೇ ದಿನ ಕ್ರೇನಿನ ಗೆಳೆಯರು ಬಂದರು.

"ಎಲ್ಲಪ್ಪಾ, ತೋರ್ಸು. ಈ ಸಲ ಎಷ್ಟು ಕಪ್ಪಾಗಿದೆ?"

ಮಾವನವರು ಮಣಿಕಟ್ಟು ಚಾಚಿದರು. ಗೆಳೆಯರು ಕನ್ನಡಕ ಹಾಕಿಕೊಂಡು ಹುಡುಕಿದರು. "ಇದಾ? ಸೊಳ್ಳೆ ಕಚ್ಚಿದಂಗಿದೆ! ರಕ್ತ ಬರ್ಲೇ ಇಲ್ವಾ ಮಾರಾಯ?"

ಮಾವನವರು ಮುಚ್ಚಿಡುತ್ತಾರೆ ಅಂದುಕೊಂಡಿದ್ದೆ. "ಬಂತು. ಅದು ನಂದೇ ತಪ್ಪು. ಬೇಡ ಅಂದ್ರೂ ಅನ್ನ ಕಲಸೋಕೆ ಹೋದೆ. ಇವಳು ಒತ್ತಿ ಹಿಡಿದ್ಲು, ಗಾಳಿ ಹಾಕಿದ್ರು, ನಿಂತೋಯ್ತು. ಅಷ್ಟೇ."

ಗೆಳೆಯರು ಕಾಫಿ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು ನನ್ನತ್ತ ಮೆಲ್ಲಗೆ ಕೈ ಚಾಚಿದರು. "ಏನೋ ಒತ್ತಿ ನೋಡ್ತೀಯಂತಲ್ಲಮ್ಮ. ನಂದೂ ನೋಡು."

ಮುಷ್ಟಿ ಬಿಗಿಸಿದೆ, ಒತ್ತಿದೆ, ತೆರೆಸಿದೆ, ಒಂದು ಬೆರಳು ಬಿಟ್ಟೆ. ಕಿರುಬೆರಳಿನ ಬುಡದಿಂದ ಕೆಂಪು ಹರಡಿತು. "ಬಂತು! ಬಂತು!" ಎಂದು ನನಗಿಂತ ಮೊದಲು ಕೂಗಿದವರು ಮಾವನವರು. ನಾನು ತಡೆದೆ, "ನನ್ನ ಲೆಕ್ಕ ಲೆಕ್ಕವಲ್ಲ, ಡಾಕ್ಟರೇ ನೋಡ್ಬೇಕು."

"ಚೀಟಿ ಹರಿದುಹಾಕ್ಬಿಟ್ಟೆನಲ್ಲ."

"ಡಾಕ್ಟರ ಹತ್ರ ಬೇರೆ ಚೀಟಿ ಇರುತ್ತೆ, ನಾಳೆ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಬಾ," ಎಂದರು ಮಾವನವರು. "ಹಾಂ, ಚಮಚದಲ್ಲಿ ತಿನ್ನೋದು ಇವತ್ತೇ ಅಭ್ಯಾಸ ಮಾಡ್ಕೋ."