ಗುಡಿಸಿ ಹಾಕಿದ ಗಾಜು

ನಮ್ಮ ಗಾಡಿಗೆ ಟ್ರ್ಯಾಕ್ಟರ್ ಬಡಿದದ್ದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ಅದೇ ಕೆಟ್ಟದ್ದಾಯಿತು. ಬೇರೆ ಯಾರು ಕಂಡಿದ್ದರೂ ಟ್ರ್ಯಾಕ್ಟರಿನ ನಂಬರ್ ಬರೆದುಕೊಳ್ಳುತ್ತಿದ್ದರು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಕನ್ನಡ ಅಕ್ಷರ ಒಂದೊಂದೇ ಕೂಡಿಸಿ ಓದುತ್ತೇನೆ, ಇಂಗ್ಲಿಷ್ ಬರುವುದಿಲ್ಲ.

ನಮ್ಮ ಮನೆ ಮೂಡಲಗಿಯಲ್ಲಿ, ರಸ್ತೆಗೆ ಹತ್ತಿಕೊಂಡೇ ಇದೆ. ಗಾಡಿ ಬೇವಿನ ಗಿಡದ ಕೆಳಗೆ ನಿಲ್ಲುತ್ತಿತ್ತು. ಹಳೆಯ ಬಿಳಿ ಕಾರು. ಮಗನ ಎರಡೂ ಕಿಡ್ನಿ ಕೆಟ್ಟಿದ್ದವು. ಮಂಗಳವಾರ, ಶುಕ್ರವಾರ ಗೋಕಾಕಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ನಾಲ್ಕು ತಾಸು ಯಂತ್ರಕ್ಕೆ ಹಚ್ಚುತ್ತಾರೆ. ಎದ್ದ ಮೇಲೆ ಅವನಿಗೆ ನೆಟ್ಟಗೆ ಕೂಡುವುದಾಗುತ್ತಿರಲಿಲ್ಲ. ಸೊಸೆ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ, ಮಲಗಿಸಿಕೊಂಡು ತರುತ್ತಿದ್ದಳು. ಇದಕ್ಕಾಗಿಯೇ ಅವಳು ಗಾಡಿ ಕಲಿತದ್ದು. ಕಲಿತ ಹೊಸದರಲ್ಲಿ ಎದುರು ಮನೆಯವನು ಒಮ್ಮೆ ಅಂದ:

"ಏನಬೇ ಆಯಿ, ಗಂಡ ಬಾಜೂಕ ಮಲಗ್ಯಾನ, ಹೇಣ್ತಿ ಸ್ಟೇರಿಂಗ್ ಹಿಡದಾಳ. ಕಾಲ ಎಲ್ಲಿಗಿ ಬಂತು?"

"ನೀ ಹೊತಗೊಂಡು ಹೋಗಾಂವ ಇದ್ರ ಹೇಳಪಾ. ಗಾಡಿ ಮನ್ಯಾಗ ಇಡತೀವಿ" ಅಂದೆ.

ಅದು ಕಬ್ಬಿನ ಸುಗ್ಗಿ, ಸೋಮವಾರ ಮುಂಜಾನೆ. ನಾನು ಅಂಗಳ ಗುಡಿಸಲು ಕಸಬರಿಗೆ ಹಿಡಿದು ಹೊರಗೆ ಬಂದಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು, ಹಿಂದೆ ಎರಡು ಟ್ರೇಲರ್. ಎದುರಿಗೆ ಬಂದ ಬಸ್ಸಿಗೆ ಜಾಗ ಬಿಡಲು ಡ್ರೈವರ್ ಈ ಕಡೆ ಒತ್ತಿದ. ಬಸ್ಸು ಹಾದು ಹೋಯಿತು. ಎಂಜಿನ್ ಪಾರಾಯಿತು, ಮೊದಲಿನ ಟ್ರೇಲರ್ ಪಾರಾಯಿತು. ಹಿಂದಿನದು ಹೊರಳಿ ಬಂದು ನಮ್ಮ ಗಾಡಿಯ ಹಿಂಭಾಗವನ್ನು ಬೇವಿನ ಗಿಡಕ್ಕೆ ಒತ್ತಿ ಅರೆಯಿತು. ಗಾಜು ಸುರಿಯಿತು. ಗಾಲಿ ಒಳಗೆ ಮಡಚಿತು.

ಡ್ರೈವರ್ ಇಳಿದು ಬಂದ. ಮೂವತ್ತರ ಆಸುಪಾಸಿನವನು. ನನ್ನ ಕಾಲು ಹಿಡಿದ.

"ಯವ್ವಾ, ತಪ್ಪ ನಂದ ಐತ್ರಿ. ಇಲ್ಲೇ ನಿಂತ್ರ ಕಬ್ಬು ಒಣಗ್ತೈತಿ, ಮಾಲಕ ಕೆಲಸದಿಂದ ತಗೀತಾನ. ಕಾರಖಾನ್ಯಾಗ ಖಾಲಿ ಮಾಡಿ ಸಂಜೀಕ ಹೊಳ್ಳಿ ಬರತೀನಿ. ಗೋಕಾಕಕ್ಕ ಒಯ್ದು ನಾನ ರಿಪೇರಿ ಮಾಡಸ್ತೀನ್ರಿ."

"ಯಾವೂರ ನಿಂದು?"

"ಹುಕ್ಕೇರಿ ಕಡೀರಿ."

ಅವನ ಅಂಗಿಯ ಗುಂಡಿ ಬಿಚ್ಚಿತ್ತು. ಕೊರಳಲ್ಲಿ ಲಿಂಗ ಕಂಡಿತು. ನಮ್ಮ ಪೈಕಿಯವನೇ ಅಂದುಕೊಂಡೆ. "ಹಂಗಾರ ಲಿಂಗ ಕೈಯಾಗ ಹಿಡದು ಹೇಳು" ಅಂದೆ. ಎಡಗೈ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಬೆರಳು ಮಡಚಿ, ಮೇಲೆ ಬಲಗೈ ಮುಚ್ಚಿ, "ಸಂಜೀಕ ಬರತೀನಿ" ಅಂದ. ನಮ್ಮ ಮನೆಯಲ್ಲಿ ಲಿಂಗದ ಆಣೆಯ ಮುಂದೆ ಕಾಗದವಿಲ್ಲ, ಕೋರ್ಟಿಲ್ಲ. ನಾನು ಒಳಗೆ ಹೋಗಿ ಬೆಲ್ಲದ ಹರಳು, ಒಂದು ತಂಬಿಗೆ ನೀರು ತಂದು ಕೊಟ್ಟೆ. ಕುಡಿದ. ಹೋದ.

ಅವನು ಹೋಗುವಾಗ ಟ್ರೇಲರ್ ಹಿಂದೆ ಬರೆದದ್ದನ್ನು ಓದಿದೆ. ತಂದೆ ತಾಯಿ ಆಶೀರ್ವಾದ. ಓದಲು ಬಂತಲ್ಲ ಅಂತ ಖುಷಿಯೂ ಆಯಿತು. ನಂಬರಿನ ಹಲಗೆಯ ಮೇಲೆ ಕಬ್ಬಿನ ಗರಿ ಜೋತು ಬಿದ್ದಿದ್ದವು. ಸರಿಸಿ ನೋಡಬೇಕು ಅನಿಸಲಿಲ್ಲ.

ಆಮೇಲೆ ಗಾಜು ಗುಡಿಸಿದೆ. ಸೋಮವಾರ, ಬಾಗಿಲ ಮುಂದೆ ಒಡಕು ಗಾಜು ಇರಬಾರದು. ಸಾಲಿಯ ಹುಡುಗರು ಬರಿಗಾಲಲ್ಲಿ ಹಾಯುತ್ತಾರೆ. ಕೆಂಪು ದೀಪದ ಚೂರು, ಕಿತ್ತ ಬಣ್ಣದ ಚಕ್ಕೆ, ಎಲ್ಲ ಬಳಿದು ತಿಪ್ಪೆಗೆ ಹಾಕಿದೆ. ಗಾಲಿಯ ಗುರುತಿನ ಮೇಲೆ ಸೆಗಣಿ ನೀರು ಹೊಡೆದೆ. ರಂಗೋಲಿ ಹಾಕಿದೆ.

ಸೊಸೆ ಹಿತ್ತಲಲ್ಲಿ ಮಗನಿಗೆ ಸ್ನಾನ ಮಾಡಿಸುತ್ತಿದ್ದಳು, ರಸ್ತೆಯ ಗದ್ದಲದಲ್ಲಿ ಅವಳಿಗೆ ಏನೂ ಕೇಳಿರಲಿಲ್ಲ. ಬಂದು ನೋಡಿದವಳು ಮಡಚಿದ ಗಾಲಿಯ ಹತ್ತಿರ ಕೂತು ಕೆಳಗೆ ಬಗ್ಗಿ ನೋಡಿದಳು.

"ಅತ್ತಿ, ನಂಬರ್ ಏನ ಇತ್ರಿ?"

"ಲಿಂಗ ಹಿಡದು ಹೇಳ್ಯಾನ. ಸಂಜೀಕ ಬರತಾನ."

"ಗಾಜ ಎಲ್ಲಿ ಹ್ವಾದೂರಿ?"

"ತಿಪ್ಪಿಗಿ ಹಾಕೀನಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಸೀರೆ ಎತ್ತಿ ಕಟ್ಟಿ ತಿಪ್ಪೆಗೆ ಇಳಿದು ಚೂರು ಆರಿಸತೊಡಗಿದಳು.

ಸಂಜೆ ಅವನು ಬರಲಿಲ್ಲ. ಕಾರ್ಖಾನೆಯಲ್ಲಿ ಪಾಳಿ ಉದ್ದ ಇರಬೇಕು ಅಂದೆ. ಮಂಗಳವಾರವೂ ಬರಲಿಲ್ಲ. ಆ ದಿನ ಬಾಡಿಗೆ ಗಾಡಿಯಲ್ಲಿ ಗೋಕಾಕಕ್ಕೆ ಹೋದರು. ಬುಧವಾರ ಸೊಸೆ ಪೊಲೀಸರನ್ನು ಕರೆತಂದಳು. ಬಂದ ಪೊಲೀಸ ಗಾಡಿ ನೋಡಿದ, ನೆಲ ನೋಡಿದ. ಅವತ್ತು ಮುಂಜಾನೆ ನಾನು ಹಾಕಿದ ರಂಗೋಲಿಯೂ ಅಲ್ಲೇ ಇತ್ತು.

"ಆಯಿ, ಗಾಡಿ ಬಡದದ್ದು ಇಲ್ಲೇ ಅಂತ ನಾ ಹೆಂಗ ಬರೀಲಿ? ಇಲ್ಲಿ ಲಗ್ನ ಆದಂಗ ಕಾಣತೈತಿ."

"ನಾ ಕಂಡೀನಲ್ರಿ."

"ಏನ ಕಂಡಿ? ನಂಬರ್?"

"ತಂದೆ ತಾಯಿ ಆಶೀರ್ವಾದ."

ಅವನು ನಗಲಿಲ್ಲ, ಪೆನ್ನು ಮುಚ್ಚಿದ. ಕೆಟ್ಟ ಮನುಷ್ಯನಲ್ಲ. ಹೋಗುವಾಗ ಸೊಸೆಗೆ ಬಿಡಿಸಿ ಹೇಳಿದ: ಬಡಿದವನ ಗಾಡಿಯ ವಿಮೆಯಿಂದ ನಿಮಗೆ ಬರುತ್ತದೆ, ಅದಕ್ಕೆ ಅವನ ನಂಬರ್ ಬೇಕು. ನಮ್ಮ ವಿಮೆ ನಾವು ಬೇರೆಯವರಿಗೆ ಬಡಿದರೆ ಮಾತ್ರ ನಡೆಯುವಂಥದ್ದು. ನಾವು ಯಾರಿಗೂ ಬಡಿದಿರಲಿಲ್ಲ.

ಹುಕ್ಕೇರಿ ಕಡೆಯವನು ಅಂದಿದ್ದನಲ್ಲ, ಆ ಕಡೆಯ ಕಾರ್ಖಾನೆಗೆ ನಾನೇ ಹೋದೆ. ಮುಖದ ಗುರುತಿದ್ದದ್ದು ನನಗೊಬ್ಬಳಿಗೇ. ಮೂರು ದಿನ ಬಸ್ಸಿಗೆ ಹೋಗಿ ಬಂದೆ. ಕಬ್ಬಿನ ಟ್ರ್ಯಾಕ್ಟರುಗಳು ಕಣ್ಣು ಹಾಯುವ ತನಕ ನಿಂತಿರುತ್ತಿದ್ದವು. ಒಂದೊಂದರ ಹಿಂದೆ ಹೋಗಿ ಓದಿದೆ. ತಂದೆ ತಾಯಿ ಆಶೀರ್ವಾದ. ಮುಂದಿನದಕ್ಕೆ ತಾಯಿ ಆಶೀರ್ವಾದ. ಅದರ ಮುಂದಿನದಕ್ಕೆ ಮತ್ತೆ ತಂದೆ ತಾಯಿ. ಟ್ರೇಲರ್ ನೆರಳಲ್ಲಿ ರೊಟ್ಟಿ ತಿನ್ನುತ್ತಿದ್ದ ಡ್ರೈವರುಗಳು ಕೇಳಿದರು:

"ಯಾರನ ಹುಡಕತಿ ಆಯಿ?"

ಹೇಳಿದೆ.

"ಇಲ್ಲಿ ಎಲ್ಲಾರಿಗೂ ತಂದಿ ತಾಯಿ ಅದಾರಬೇ. ಮಾರಿ ಹೆಂಗಿತ್ತು?"

"ಕರ್ರಗ, ತೆಳ್ಳಗ. ಕೊರಳಾಗ ಲಿಂಗ ಇತ್ತು."

ಇಬ್ಬರು ತಮ್ಮ ತಮ್ಮ ಅಂಗಿಯಿಂದ ಲಿಂಗ ತೆಗೆದು ತೋರಿಸಿದರು. ಉಳಿದವರು ನಕ್ಕರು. ಒಬ್ಬ ಮುದುಕ ಡ್ರೈವರ್ ಅವರನ್ನು ಗದರಿ, ನನ್ನನ್ನು ಕೂಡಿಸಿ ಅರ್ಧ ರೊಟ್ಟಿ ಕೊಟ್ಟ. "ಅಂವಾ ಈ ರಸ್ತಾಕ ಇನ್ನ ಬರೂದಿಲ್ಲಬೇ. ಬ್ಯಾರೆ ಕಡೆ ಗಾಡಿ ಹೊಡೀತಿರತಾನ. ಮನೀಗಿ ಹೋಗು" ಅಂದ. ನಾಲ್ಕನೇ ದಿನ ನಾನು ಹೋಗಲಿಲ್ಲ.

ಗ್ಯಾರೇಜಿನವನು ಗಾಡಿಯ ಬುಡ ನೋಡಿ, ಚಾಸಿ ಬಾಗಿದೆ, ಮಾಡಿಸುವುದಕ್ಕಿಂತ ಬೇರೆ ಕೊಳ್ಳುವುದು ಸಸ್ತ ಅಂದ. ಬಾಡಿಗೆ ಗಾಡಿ ಮೂರು ವಾರ ನಡೆಯಿತು, ಮುಂದೆ ನಡೆಯಲಿಲ್ಲ. ಬಸ್ಸು ಉಳಿಯಿತು. ಮಗ ಹೋಗುವಾಗ ಹೇಗೋ ಹೋಗುತ್ತಿದ್ದ. ಬರುವಾಗ ಗೋಕಾಕ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಮಲಗಿಬಿಡುತ್ತಿದ್ದ. ಸೊಸೆ ಸೆರಗಿನಿಂದ ಗಾಳಿ ಹಾಕುತ್ತ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿಸುತ್ತಿದ್ದಳು. ಒಮ್ಮೆ ಬಸ್ಸಿನಲ್ಲೇ ವಾಂತಿ ಮಾಡಿಕೊಂಡ. ಜನ ಎದ್ದು ಬೇರೆ ಸೀಟಿಗೆ ಹೋದರು. ಆ ದಿನದಿಂದ ಶುಕ್ರವಾರ ಬಂದರೆ ಗೋಡೆಯ ಕಡೆ ಮಾರಿ ಮಾಡಿ ಮಲಗುತ್ತಿದ್ದ.

"ಏಳು, ಬಸ್ಸಿನ ಹೊತ್ತಾತು" ಅಂದರೆ, "ಮಂಗಳಾರ ಹೋಗತೀನಿ ಬಿಡಬೇ ಯವ್ವಾ" ಅನ್ನುತ್ತಿದ್ದ.

ವಾರಕ್ಕೆ ಎರಡಿದ್ದದ್ದು ಒಂದಾಯಿತು. ಕಾಲು ಬಾತು ಚಪ್ಪಲಿ ಹಿಡಿಯದಾದವು. ಡಾಕ್ಟರು ಸೊಸೆಯನ್ನು ಗದರಿದರು, ಪಾಳಿ ತಪ್ಪಿಸಿದರೆ ಪುಪ್ಪುಸಕ್ಕೆ ನೀರು ಏರುತ್ತದೆ ಅಂತ ಹೇಳಿದರು. ಅವಳು ಹೂಂ ಅಂದಳು. ಗಾಡಿಯ ಮಾತು ಅಲ್ಲಿ ಎತ್ತಲಿಲ್ಲ, ಮನೆಯಲ್ಲೂ ನನ್ನೆದುರು ಎಂದೂ ಎತ್ತಲಿಲ್ಲ.

ಯುಗಾದಿಗೆ ಇನ್ನೂ ಎಂಟು ದಿನ ಇರುವಾಗ ಮಗ ಹೋದ. ನೀರು ಏರಿತ್ತು.

ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಕುಣಿಯಲ್ಲಿ ಕೂಡಿಸಿದ ಮೇಲೆ ಅಯ್ಯನವರು ಅವನ ಕೊರಳಿನ ಲಿಂಗ ಬಿಚ್ಚಿ ಎಡಗೈ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದರು. ನನಗೆ ಆ ಡ್ರೈವರನ ಕೈ ಕಂಡಿತು. ಅದೇ ಎಡಗೈ, ಹಾಗೇ ಮಡಚಿದ ಬೆರಳು. ಹೆತ್ತ ಮಗನಿಗೆ ಮಣ್ಣು ಹಾಕುವ ಹೊತ್ತಿನಲ್ಲಿ ನಾನು ಆ ಆಣೆ ಇಟ್ಟವನನ್ನು ನೆನೆಸುತ್ತ ನಿಂತಿದ್ದೆ.

ಗುಜರಿಯವನು ಗಾಡಿ ಎಳೆದುಕೊಂಡು ಹೋದ. ಯಾರಾದರೂ ಬಂದು, ನಮ್ಮ ಗಾಡಿಗೂ ಯಾರೋ ಬಡಿದು ಹೋದರು, ಏನು ಮಾಡಲಿ ಅಂತ ಕೇಳಿದರೆ ಹೇಳುತ್ತೇನೆ. ಗರಿ ಸರಿಸಿ ನಂಬರ್ ಬರೆದುಕೋ. ಬರೆಯಲು ಬರದಿದ್ದರೆ ಬರೆಯಬಲ್ಲವರು ಬರುವ ತನಕ ಅವನ ಅಂಗಿ ಹಿಡಿದುಕೊಂಡು ನಿಲ್ಲು. ಆಣೆ ಕೇಳಬೇಡ. ಗಾಜು ಬಿದ್ದಲ್ಲೇ ಬಿದ್ದಿರಲಿ. ಯಾರದಾದರೂ ಕಾಲಿಗೆ ಚುಚ್ಚಿದರೆ ಚುಚ್ಚಲಿ.