ನಮ್ಮ ಹಿತ್ತಿಲ ಸರ್ವೆ ಕಲ್ಲು

ದೇಶಕ್ಕೊಂದು ಗಡಿ ಇರಬೇಕು, ಅದನ್ನು ಬಿಗಿಯಾಗಿ ಕಾಯಬೇಕು ಎಂದು ನಾನು ಇವತ್ತಿಗೂ ನಂಬುತ್ತೇನೆ. ನನಗೆ ನಾಚಿಕೆ ಆ ಅಭಿಪ್ರಾಯದ ಬಗ್ಗೆ ಅಲ್ಲ, ಅದನ್ನು ಎಲ್ಲಿ ನಿಂತು ಹೇಳಿದೆ ಎಂಬುದರ ಬಗ್ಗೆ.

ಯಲಹಂಕದ ಪಕ್ಕ, ಕೆರೆಗೆ ಅಂಟಿಕೊಂಡಂತೆ ನಮ್ಮ ಮನೆಯಿದೆ. ಹಿತ್ತಿಲಲ್ಲಿ ಮುನೇಶ್ವರನ ಪುಟ್ಟ ಗುಡಿ. ಒಳಗಿರುವ ದೇವರು ಮೊದಲು ದೇವರಾಗಿರಲಿಲ್ಲ, ಕೆರೆಯ ಎಲ್ಲೆ ತೋರಿಸಲು ನೆಟ್ಟಿದ್ದ ಸರ್ವೆ ಕಲ್ಲಾಗಿತ್ತು. ಊರಿನ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲದಲ್ಲಿ ದೊಡ್ಡಪ್ಪ ಅದನ್ನು ಕಿತ್ತು, ನೀರಿನ ಕಡೆಗೆ ತಂದು ನೆಟ್ಟು, ಅರಿಶಿನ ಕುಂಕುಮ ಹಚ್ಚಿ, ಕೋಳಿ ಕೊಯ್ದು, ಮುನೇಶ್ವರ ಎಂದು ಹೆಸರಿಟ್ಟರು. ಸರ್ವೆಯವರು ಕಲ್ಲನ್ನಾದರೆ ಕೀಳುತ್ತಾರೆ, ದೇವರನ್ನು ಕೀಳುತ್ತಾರೆಯೇ? ಕಲ್ಲಿನ ಹಳೆಯ ಜಾಗಕ್ಕೂ ಹೊಸ ಜಾಗಕ್ಕೂ ನಡುವೆ ಈಗ ನಮ್ಮ ಅಡುಗೆಮನೆ, ಬಚ್ಚಲು, ಕಾರು ನಿಲ್ಲಿಸುವ ಜಾಗ ಇವೆ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ತುಟಿ ಬಿಚ್ಚುವುದಿಲ್ಲ. ತಮಾಷೆಯೆಂದರೆ ಅಮ್ಮನಿಗೆ ಈಗ ಆ ಕಲ್ಲಿನ ಮೇಲೆ ನಿಜವಾಗಿಯೂ ಭಕ್ತಿ ಬಂದಿದೆ. ನನಗೆ ನೆಗಡಿಯಾದರೂ ಅದಕ್ಕೇ ಹರಕೆ.

ರಸ್ತೆಯಾಚೆ ದೊಡ್ಡಪ್ಪನ ತಗಡಿನ ಶೆಡ್‌ಗಳಿದ್ದವು. ಚಿಂದಿ ಆಯುವವರಿಗೆ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿಂದ ಒಬ್ಬ ಹೆಂಗಸು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಳು. ಗುಡಿಯ ಮುಂದೆ ಕಸ ಗುಡಿಸುವವಳೂ ಅವಳೇ. ತನ್ನದು ಅಸ್ಸಾಂ ಎನ್ನುತ್ತಿದ್ದಳು. ಬೀದಿಯವರು ಬಾಂಗ್ಲಾದವಳು ಎನ್ನುತ್ತಿದ್ದರು. ಯಾವುದು ನಿಜವೋ ನನಗೆ ಗೊತ್ತಿಲ್ಲ.

ಕಳೆದ ವರ್ಷ ಬಡಾವಣೆಯ ಮೀಟಿಂಗ್‌ನಲ್ಲಿ ನನಗೆ ಮೈಕು ಕೊಟ್ಟರು. ಗಡಿ ದಾಟಿ ಬಂದು ಕಂಡವರ ನೆಲದಲ್ಲಿ ಠಿಕಾಣಿ ಹೂಡುವವರನ್ನು ಒಂದು ದಿನವೂ ಇಟ್ಟುಕೊಳ್ಳಬಾರದು ಎಂದು ಆವೇಶದಿಂದ ಮಾತಾಡಿದೆ. ಜೋರು ಚಪ್ಪಾಳೆ ಬಿತ್ತು. ಉಬ್ಬಿಹೋದೆ. ಆ ವಾರವೇ ಜನರ ಬಾಯಿಗೆ ಹೆದರಿ ದೊಡ್ಡಪ್ಪ, ಭಾನುವಾರದೊಳಗೆ ಶೆಡ್ ಖಾಲಿ ಮಾಡಿ ಎಂದುಬಿಟ್ಟರು.

ಮರುದಿನ ಅವಳು ಪೊರಕೆ ಹಿಡಿದುಕೊಂಡೇ ನನ್ನ ಮುಂದೆ ನಿಂತಳು.

"ಅಣ್ಣ, ನೀವು ಹೇಳಿದ್ರೆ ನಿಮ್ ದೊಡ್ಡಪ್ಪ ಕೇಳ್ತಾರೆ. ಮಗಳ್ದು ಪರೀಕ್ಷೆ ಇದೆ. ಪರೀಕ್ಷೆ ಮುಗಿಯೋವರ್ಗೂ ಸಾಕು."

ನನ್ನ ಭಾಷಣದ ಸುದ್ದಿ ಅವಳ ಕಿವಿಗೆ ಬಿದ್ದಿರಲಿಲ್ಲ. ಪಕ್ಕದ ಮನೆಗೆ ಹೋದೆ. ದೊಡ್ಡಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

"ಮೈಕಲ್ಲಿ ಏಳ್ದೋನು ನೀನೇ ಅಲ್ವೇನ್ಲಾ?" ಎಂದರು.

"ಪರೀಕ್ಷೆವರೆಗೂ ಅಷ್ಟೇ ದೊಡ್ಡಪ್ಪ. ಮಗು ಓದ್ತಾ ಇದೆ."

ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡು, ನಮ್ಮ ಹಿತ್ತಿಲ ಗುಡಿಯ ಕಡೆ ಗದ್ದ ಎತ್ತಿದರು. "ಗಡಿ ಗಿಡಿ ಅಂತ ಜಾಸ್ತಿ ಎಳೆದಾಡ್ಬ್ಯಾಡ ಮಗ. ಗಲಾಟೆ ಆಗಿ ಅಳೆಯೋಕ್ ಬಂದ್ರೆ, ಎಲ್ಲಿಂದ ಸುರು ಮಾಡ್ತಾರೆ ಗೊತ್ತಾ?"

ನನ್ನ ಕಣ್ಣ ಮುಂದೆ ಬಂದದ್ದು ಆ ಹುಡುಗಿಯ ಪರೀಕ್ಷೆಯಲ್ಲ, ನಮ್ಮ ಅಡುಗೆಮನೆ. ವಾಪಸ್ ಬಂದೆ. "ಹೇಳಿದೀನಿ, ನೋಡೋಣ" ಎಂದೆ ಅವಳಿಗೆ. ಅವಳು ನಂಬಿ ನಕ್ಕಳು.

ಭಾನುವಾರ ಬೆಳಿಗ್ಗೆ ಶೆಡ್‌ಗಳ ತಗಡು ಬಿಚ್ಚಿದರು. ಅವಳು ಎರಡು ಗಂಟು, ಒಂದು ಸ್ಟವ್, ಮಗಳ ಸ್ಕೂಲ್ ಬ್ಯಾಗು ಹೊತ್ತುಕೊಂಡು ನಮ್ಮ ಹಿತ್ತಿಲಿಗೆ ಬಂದಳು. ಮಗಳು ಗೇಟಿನ ಹತ್ತಿರವೇ ನಿಂತಿದ್ದಳು. ನಮ್ಮಮ್ಮ ಆಗಷ್ಟೇ ಗುಡಿಗೆ ಹೂವಿಟ್ಟು ಹೋಗಿದ್ದರು.

"ಮನೆ ಸಿಗೋವರ್ಗೂ ಇದು ಇಲ್ಲಿ ಇಡ್ಲಾ ಅಣ್ಣ?" ಎಂದು ಗುಡಿಯ ಪಕ್ಕಕ್ಕೆ ಕೈ ತೋರಿಸಿದಳು. "ದೇವರ ಜಾಗ ಅಲ್ವಾ? ಇಲ್ಲಿಂದ ಯಾರೂ ಎಬ್ಬಿಸಲ್ಲ."

ಇಡಮ್ಮ ಎಂದೆ. ಅವಳು ಹೇಳಿದ್ದು ನಿಜವೇ. ಇಷ್ಟು ವರ್ಷವಾದರೂ ನಮ್ಮನ್ನು ಯಾರೂ ಎಬ್ಬಿಸಿಲ್ಲ.